ಕೈಮಗ್ಗದ ಕರಿ ಕಂಬಳಿ: ಮಳೆಗಾಲದ ಬಳಕೆಯ ವಿಮರ್ಶೆ

ಮಳೆಗಾಲದ ಹೊದಿಕೆಯೆಂದರೆ ಈಗ ರೇನ್‌ಕೋಟು, ಪ್ಲಾಸ್ಟಿಕ್ ಹಾಳೆ ಅಥವಾ ಮಡಚುವ ಕೊಡೆ. ಇವು ಬರುವ ಮೊದಲು ಮಲೆನಾಡಿನ ಗದ್ದೆಗಳಲ್ಲಿ ನಾಟಿಗೆ ಬಾಗಿದ ಬೆನ್ನುಗಳನ್ನು ಕಾಯುತ್ತಿದ್ದುದು ಬಿದಿರು, ಎಲೆಗಳಿಂದ ಹೆಣೆದ ಗೊರಬು ಮತ್ತು ಕಂಬಳಿಯನ್ನು ಮಡಚಿ ತಲೆಯಿಂದ ಬೆನ್ನಿಗೆ ಇಳಿಬಿಡುವ ಕೊಪ್ಪೆ. ಗೊರಬು ಹೆಣೆಯುವವರು ಅಪರೂಪವಾಗಿದ್ದಾರೆ. ಕಂಬಳಿ ಮಾತ್ರ ಇನ್ನೂ ಕೊಳ್ಳಲು ಸಿಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಿಂದ ತರಿಸಿದ ಕರಿ ಕಂಬಳಿಯೊಂದನ್ನು ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮಳೆ ಕಡಿಮೆಯಿರುವ ಬಯಲುಸೀಮೆಯ ವಸ್ತು ಮಲೆನಾಡಿನ ಜಡಿಮಳೆಗೆ ಒದಗಿಬಂದದ್ದು ವಿಶೇಷವೇ ಸರಿ. ದಖನಿ ಕುರಿಯ ಉಣ್ಣೆ ಒರಟು, ಸ್ವೆಟರಿಗೆ ಒಗ್ಗುವಂಥದ್ದಲ್ಲ. ಕುರುಬ ಸಮುದಾಯದ ಹೆಂಗಸರು ಅದನ್ನು ನೂಲುತ್ತಾರೆ. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ, ನೂಲಿಗೆ ಹುಣಸೆ ಬೀಜದ ಗಂಜಿಯನ್ನು ಹಚ್ಚಿ, ಕುಂಚದಿಂದ ತೀಡಿ ಒಣಗಿಸಿ, ಬಳಿಕ ಗುಂಡಿಮಗ್ಗದಲ್ಲಿ ನೇಯುತ್ತಾರೆ. ಕಪ್ಪು ಕುರಿಯ ಉಣ್ಣೆಯದಾದ್ದರಿಂದ ಈ ಕಂಬಳಿಗೆ ಬಣ್ಣ ಹಾಕಿಲ್ಲ. ಹೊಸದರಲ್ಲಿ ಅದು ಎಷ್ಟು ಬಿರುಸಾಗಿರುತ್ತದೆಂದರೆ, ತಲೆಯ ಮೇಲೆ ಕೊಪ್ಪೆ ಮಾಡಿ ಬಿಟ್ಟರೆ ಕೈಯಲ್ಲಿ ಹಿಡಿಯದಿದ್ದರೂ ಮಾಡಿನಂತೆ ನಿಲ್ಲುತ್ತದೆ.

ಕಂಬಳಿ ನೀರನ್ನು ಸಂಪೂರ್ಣವಾಗಿ ತಡೆಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಉಣ್ಣೆಯಲ್ಲಿರುವ ಜಿಡ್ಡಿನಿಂದಾಗಿ ಸಣ್ಣ ಮಳೆಯ ಹನಿಗಳು ಮೇಲ್ಮೈಯಲ್ಲೇ ನಿಂತು, ಕೊಡವಿದರೆ ಉದುರಿಹೋಗುತ್ತವೆ. ಬಿಡದೆ ಸುರಿಯುವ ಮಳೆಯಲ್ಲಿ ಕಂಬಳಿ ನೀರು ಕುಡಿಯತೊಡಗುತ್ತದೆ. ಆದರೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಎಳೆಯೊಳಗೆ ಹಿಡಿದಿಟ್ಟುಕೊಂಡರೂ ಮುಟ್ಟಿದರೆ ಒದ್ದೆಯೆನಿಸದಿರುವುದು ಉಣ್ಣೆಯ ಗುಣ. ತೇವ ಹೀರುವಾಗ ಅದು ಅಲ್ಪ ಪ್ರಮಾಣದ ಶಾಖವನ್ನೂ ಹೊರಬಿಡುತ್ತದೆ. ಅಗ್ಗದ ರೇನ್‌ಕೋಟು ಹೊರಗಿನ ನೀರನ್ನು ತಡೆದು ಒಳಗಿನ ಬೆವರಿನಲ್ಲಿ ಮೈ ತೋಯಿಸುತ್ತದೆ. ಕಂಬಳಿಯಲ್ಲಿ ಆ ಹಿಂಸೆಯಿಲ್ಲ. ಎರಡೂ ಕೈ ಬಿಡುವಾಗಿರುವುದು ಅದರ ಇನ್ನೊಂದು ಉಪಕಾರ, ಕೊಡೆ ಹಿಡಿದು ಅಡಿಕೆ ಹೆಕ್ಕಿದವರಿಗೆ ಇದರ ಬೆಲೆ ಗೊತ್ತು.

ಆದರೂ ನಾನು ಈ ಕಂಬಳಿಯನ್ನು ಕೊಂಡದ್ದು ಇಂಥ ಲೆಕ್ಕಾಚಾರದಿಂದಲ್ಲ. ನನ್ನ ಅಜ್ಜ ಗದ್ದೆಯ ಅಂಚಿನಲ್ಲಿ ಕೊಪ್ಪೆ ಹಾಕಿ ಕುಕ್ಕರುಗಾಲಿನಲ್ಲಿ ಕುಳಿತರೆ ಮಕ್ಕಳಾದ ನಮಗೆ ಅದರೊಳಗೆ ಇಬ್ಬರಿಗಾಗುವಷ್ಟು ಜಾಗ ಸಿಗುತ್ತಿತ್ತು. ಹೊರಗೆ ಹುಯ್ಯುವ ಮಳೆಯ ಸದ್ದು ಒಳಗೆ ಮಂದವಾಗಿ ಕೇಳುತ್ತಿತ್ತು, ಮತ್ತು ಹೊಗೆಸೊಪ್ಪು, ಕುರಿ, ಬಚ್ಚಲೊಲೆಯ ಹೊಗೆ ಈ ಮೂರೂ ಸೇರಿದ ವಾಸನೆಯಲ್ಲಿ ಸುಟ್ಟ ಹಲಸಿನ ಬೀಜ ತಿನ್ನುವ ಸುಖವಿತ್ತು. ಹೊಸ ಕಂಬಳಿಗೆ ಕುರಿಯ ವಾಸನೆಯಷ್ಟೇ ಇದೆ. ಅದು ನೆನೆದಾಗ ಜೋರಾಗುತ್ತದೆ, ಮನೆಯಲ್ಲಿ ಎಲ್ಲರಿಗೂ ಹಿಡಿಸುವುದಿಲ್ಲ.

ದೋಷಗಳು ಇವೆ. ನೆನೆದ ಕಂಬಳಿಯ ಭಾರ ಕುತ್ತಿಗೆಗೆ ತಿಳಿಯುತ್ತದೆ. ಸ್ಕೂಟರಿನಲ್ಲಿ ಹೋಗುವವರಿಗೆ ಇದು ನಿರುಪಯುಕ್ತ, ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕರೆ ಅಪಾಯವೂ ಹೌದು. ಮೊದಲ ಕೆಲವು ವಾರ ಕುತ್ತಿಗೆಗೆ ಚುಚ್ಚುತ್ತದೆ, ಅಂಗಿಗೆಲ್ಲ ಕೂದಲು ಹತ್ತುತ್ತದೆ. ಕಂಬಳಿಯಲ್ಲಿ ಊಟ ಕಟ್ಟಿಕೊಂಡವರು ಕೂದಲಿಗೆ ಅಸಹ್ಯಪಡಬಾರದೆಂದು ಗಾದೆಯೇ ಹೇಳುವುದರಿಂದ ಇದನ್ನು ದೂರೆಂದು ಎಣಿಸುವುದಿಲ್ಲ. ಒಣಗುವುದಂತೂ ಬಹಳ ನಿಧಾನ. ಬಿಸಿಲೇ ಕಾಣದ ಪುಷ್ಯ ಮಳೆಯ ದಿನಗಳಲ್ಲಿ ಬಚ್ಚಲೊಲೆಯ ಮೇಲಿನ ಗಳಕ್ಕೆ ಹರವುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನಗರದ ಫ್ಲ್ಯಾಟಿನಲ್ಲಿರುವವರು ಕೊಳ್ಳುವ ಮೊದಲು ಇದನ್ನು ಯೋಚಿಸಬೇಕು.

ಕೊಳ್ಳುವಾಗ ಎಚ್ಚರ ಅಗತ್ಯ. ಹಳೆಯ ಬಟ್ಟೆಯ ನೂಲಿನಿಂದ ಮಿಲ್ಲಿನಲ್ಲಿ ತಯಾರಾದ ಮೆತ್ತನೆಯ ರಗ್ಗುಗಳನ್ನೂ ಸಂತೆಗಳಲ್ಲಿ ಕಂಬಳಿಯೆಂದೇ ಮಾರುತ್ತಾರೆ. ಅಂಚಿನ ಒಂದೆಳೆಯನ್ನು ಕಿತ್ತು ಬೆಂಕಿಗೆ ಹಿಡಿದರೆ ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಕಂಬಳಿ ಕುಗ್ಗಿ ಜಡ್ಡುಗಟ್ಟುವುದರಿಂದ ತಣ್ಣೀರಿನಲ್ಲಿ ಅದ್ದಿ ತೆಗೆದರೆ ಸಾಕು. ಮಳೆಗಾಲ ಮುಗಿದ ಮೇಲೆ ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪಿನೊಂದಿಗೆ ಮಡಚಿಟ್ಟರೆ ನುಸಿ ಹತ್ತಿರ ಬರುವುದು ಕಡಿಮೆ. ಬೆಲೆ ಸಾಧಾರಣ ರೇನ್‌ಕೋಟಿಗಿಂತ ಹೆಚ್ಚೇ ಆಯಿತು, ಆದರೆ ತೋಟ, ಗದ್ದೆ ಇರುವವರಿಗೆ ನಾನು ಹಿಂಜರಿಯದೆ ಇದನ್ನೇ ಸೂಚಿಸುತ್ತೇನೆ.