ಅಮ್ಮನ ಮನೆಯ ಮಾಡು ರಿಪೇರಿ: ಬ್ಯಾಂಕ್ ಸಾಲ, ಸಂಘದ ಸಾಲ, ಚಿನ್ನದ ಸಾಲ

ಊರಿನ ಹೆಂಚಿನ ಮನೆಯ ಮಾಡಿನ (ಚಾವಣಿಯ) ಮರದ ಪಕ್ಕಾಸು, ರೀಪು ಎಲ್ಲಾ ಗೆದ್ದಲು ಹಿಡಿದಿತ್ತು. ಮಳೆಗಾಲಕ್ಕೆ ಮುಂಚೆ ಮಾಡು ಬಿಚ್ಚಿ ಕಟ್ಟಲೇಬೇಕಿತ್ತು. ಬಡಗಿ ಹೇಳಿದ ಲೆಕ್ಕ 1.80 ಲಕ್ಷ. ಅಮ್ಮನಿಗೆ 68 ವರ್ಷ, ಅರ್ಧ ಎಕರೆ ಅಡಿಕೆ ತೋಟವೇ ಆದಾಯ. ಕೊನೆಗೆ ಕೈ ಹಿಡಿದಿದ್ದು ಚಿನ್ನದ ಸಾಲ. ನನ್ನ ಮಟ್ಟಿಗೆ ಇಂಥ ಕೆಲಸಕ್ಕೆ ಅದೇ ಒಳ್ಳೆಯದು.

ಸಾಲ ಯಾಕೆ, ಸರ್ಕಾರದ ಸಹಾಯಧನ ಇಲ್ವಾ ಅಂತ ಎಲ್ಲರೂ ಕೇಳಿದರು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯವರಿಗೆ 1.20 ಲಕ್ಷ ಕೊಡುತ್ತಾರೆ ನಿಜ. ಆದರೆ ಅದು ಮನೆ ಇಲ್ಲದವರಿಗೆ, ಕಚ್ಚಾ ಮನೆಯವರಿಗೆ. ಕಲ್ಲಿನ ಗೋಡೆ, ಮಂಗಳೂರು ಹೆಂಚು ಇದ್ದರೆ ಪಕ್ಕಾ ಮನೆ ಅಂತಲೇ ಲೆಕ್ಕ. ಮಳೆಗೆ ಪಕ್ಕಾ ಮನೆ ಸ್ವಲ್ಪ ಬಿದ್ದರೆ ವಿಪತ್ತು ಪರಿಹಾರದ ನಿಯಮದಲ್ಲಿ 6,500 ರೂಪಾಯಿ. ಅದೂ ಶೇ 15ರಷ್ಟಾದರೂ ಹಾನಿ ಆಗಿರಬೇಕು. ಬೀಳುವ ಮುಂಚೆ ಸರಿ ಮಾಡಿಕೊಳ್ಳುವವರಿಗೆ ಅದರಲ್ಲಿ ಏನೂ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬ್ಯಾಂಕಿನ ಮನೆ ರಿಪೇರಿ ಸಾಲ ಕೇಳುವಾಗ ಚೆಂದವೇ ಇತ್ತು. ಬಡ್ಡಿ ಕಡಿಮೆ, ಹತ್ತು ವರ್ಷದ ಕಂತು. ಸಿಕ್ಕಿಹಾಕಿಕೊಂಡಿದ್ದು ಮನೆಯ ಖಾತೆಯಲ್ಲಿ, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆಯಲ್ಲಿ. ಮನೆ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದೆ. ಬ್ಯಾಂಕಿನವರು ಇ-ಸ್ವತ್ತಿನ (ಹಳ್ಳಿ ಆಸ್ತಿಯ ಆನ್‌ಲೈನ್ ದಾಖಲೆಯ) ಫಾರಂ 9 ಮತ್ತು 11 ಕೇಳಿದರು. ಪಂಚಾಯಿತಿಗೆ ಹೋದರೆ ಮೊದಲು ವಾರಸುದಾರರ ಹೆಸರಿಗೆ ಖಾತೆ ಬದಲಾಗಬೇಕು ಅಂದರು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಮಕ್ಕಳೆಲ್ಲರ ಒಪ್ಪಿಗೆ ಬೇಕು. ಅಣ್ಣ ಇರುವುದು ಮುಂಬೈಯಲ್ಲಿ.

ಅದೂ ಆಯಿತು ಅನ್ನುವಾಗ ಜಾಗದ ನಕ್ಷೆ ಬೇಕಾಯಿತು. ನಕ್ಷೆಗೆ ಸರ್ವೆಯವರು ಬರಬೇಕು. ಅಷ್ಟರಲ್ಲಿ ಬ್ಯಾಂಕಿನಲ್ಲಿ ಅಮ್ಮನ ವಯಸ್ಸಿನ ಮಾತು ಎದ್ದಿತು: ಒಬ್ಬರ ಹೆಸರಲ್ಲಿ ಕೊಡಲ್ಲ, ಸಂಬಳ ಇರುವ ಮಗ ಜೊತೆಗೆ ಸಹಿ ಹಾಕಬೇಕು. ಮಾಡಿನ ಕೆಲಸ ಇಷ್ಟೆಲ್ಲಾ ಕಾಯುತ್ತಾ? ಮುಂಗಾರು ಕಾಯಲ್ಲ.

ಅರವತ್ತು ದಾಟಿದವರಿಗೆ 2007ರಿಂದ ರಿವರ್ಸ್ ಮಾರ್ಟ್‌ಗೇಜ್ ಇದೆ, ಅಂದರೆ ವಾಸವಿರುವ ಮನೆಯನ್ನೇ ಅಡವಿಟ್ಟು, ಬದುಕಿರುವವರೆಗೆ ಕಂತು ಕಟ್ಟದೆ ದುಡ್ಡು ಪಡೆಯುವ ಸಾಲ; ರಿಪೇರಿಗೂ ಆಗುತ್ತೆ. ಆದರೆ ಸ್ವಂತ ದುಡಿಮೆಯ ಮನೆ ಆಗಿರಬೇಕು. ನಮ್ಮದು ಅಜ್ಜನ ಕಾಲದ್ದು.

ಮಹಿಳಾ ಸಂಘದ ಸಾಲ ಬೇಗ ಸಿಗುತ್ತಿತ್ತು. ವಾರದ ಕಂತು ಮಾತ್ರ ಅಮ್ಮನಿಗೆ ಆಗಲ್ಲ.

ಚಿನ್ನದ ಸಾಲಕ್ಕೆ ಆಧಾರ್, ಪಾನ್, ಒಡವೆ ಅಷ್ಟೇ ಸಾಕಾಯಿತು. ಮನೆ ಯಾರ ಹೆಸರಲ್ಲಿದೆ ಅಂತ ಯಾರೂ ಕೇಳಲಿಲ್ಲ. ಅಮ್ಮನ ಬಳೆ, ಎರಡೆಳೆ ಸರ ಇಟ್ಟು 1.80 ಲಕ್ಷ ತಂದೆವು, ನೂರಕ್ಕೆ ವರ್ಷಕ್ಕೆ ಒಂಬತ್ತರಂತೆ. ವರ್ಷದ ಬಡ್ಡಿ 16,200. ತಿಂಗಳ ಕಂತಿಲ್ಲ, ವರ್ಷದ ಕೊನೆಗೆ ಕಟ್ಟಬೇಕು. ಅಡಿಕೆ ಮಾರಿದಾಗಲೇ ದುಡ್ಡು ನೋಡುವವರಿಗೆ ಇದು ದೊಡ್ಡ ಅನುಕೂಲ, ಅಲ್ವಾ? ಕೊಯ್ಲಾದ ಮೇಲೆ ಬಡ್ಡಿಯೂ ಅರ್ಧ ಅಸಲೂ ಕಟ್ಟಿ, ಉಳಿದದ್ದನ್ನು ನವೀಕರಿಸುವ ಲೆಕ್ಕ ನಮ್ಮದು. 2.5 ಲಕ್ಷದೊಳಗಿನ ಸಾಲಕ್ಕೆ ಒಡವೆ ಬೆಲೆಯ ಶೇ 85ರವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ನಿಯಮ ಮಾಡಿದೆ. ಮೊದಲು ಶೇ 75 ಇತ್ತು. ಕಲ್ಲಿನ ತೂಕ, ಮಜೂರಿ ಮಾತ್ರ ಲೆಕ್ಕಕ್ಕೆ ಬರಲ್ಲ.

ಕಟ್ಟದಿದ್ದರೆ ಒಡವೆ ಹರಾಜಿಗೆ ಹೋಗುತ್ತೆ. ಹಾಗಾಗಿ ತೀರಿಸುವ ದಾರಿ ಕಣ್ಣಿಗೆ ಕಾಣುವಷ್ಟೇ ಸಾಲ ಮಾಡಿ. ತಿಂಗಳ ಸಂಬಳ ಇದ್ದು, ಖಾತೆಯೂ ನಿಮ್ಮ ಹೆಸರಲ್ಲಿದ್ದರೆ, ನಾಲ್ಕೈದು ಲಕ್ಷದ ಕೆಲಸಕ್ಕೆ ಬ್ಯಾಂಕಿನ ರಿಪೇರಿ ಸಾಲವೇ ವಾಸಿ. ನಾವೂ ಖಾತೆ ಬದಲಾವಣೆಯ ಅರ್ಜಿ ಬಿಟ್ಟಿಲ್ಲ. ಹಿಂದಿನ ಗೋಡೆಯ ಕೆಲಸ ಇನ್ನೂ ಬಾಕಿ ಇದೆ.