ಡಾಲರ್ ಪೆಟ್ಟಿಗೆಯೋ, ಅದಲುಬದಲೋ? ಹಳೆಯ ಬೇಸ್‌ಬಾಲ್ ಕಾರ್ಡ್ ಸೆಟ್ ತುಂಬಿಸುವ ಲೆಕ್ಕ

ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡುಗಳ ಸೆಟ್ಟನ್ನು, ಅಂದರೆ ಒಂದು ವರ್ಷದ ಪೂರ್ತಿ ಸರಣಿಯನ್ನು, ಬಿಡಿಬಿಡಿಯಾಗಿ ಕೂಡಿಸುವವರಿಗೆ ಅಮೆರಿಕದಲ್ಲಿ ಎರಡು ಅಗ್ಗದ ದಾರಿಗಳಿವೆ. ಒಂದು, ಕಾರ್ಡ್ ಶೋಗಳ ಮೇಜಿನ ಮೇಲೂ ಅಂಗಡಿಗಳ ಮೂಲೆಯಲ್ಲೂ ಇಡುವ ಪೆಟ್ಟಿಗೆಗಳು: 10 ಸೆಂಟಿನ ಡೈಮ್ ಬಾಕ್ಸ್, 25 ಸೆಂಟಿನ ಕ್ವಾರ್ಟರ್ ಬಾಕ್ಸ್, ಡಾಲರ್ ಬಾಕ್ಸ್. ಇನ್ನೊಂದು ಟ್ರೇಡ್, ಅಂದರೆ ನಮ್ಮ ಹತ್ತಿರ ಎರಡೆರಡಿರುವ ಕಾರ್ಡು ಕೊಟ್ಟು ಇಲ್ಲದ್ದನ್ನು ತರಿಸಿಕೊಳ್ಳುವುದು. ಎರಡನ್ನೂ ಒಂದೇ ಸೆಟ್ಟಿನ ಮೇಲೆ, ಟಾಪ್ಸ್ ಕಂಪನಿಯ 660 ಕಾರ್ಡುಗಳ 1975ರ ಸೆಟ್ಟಿನ ಮೇಲೆ, ಪ್ರಯೋಗ ಮಾಡಿ ನೋಡಿದ್ದೇವೆ. ಮೊದಲ 400 ಕಾರ್ಡಿಗೆ ಪೆಟ್ಟಿಗೆಯ ಸಮಕ್ಕೆ ಬೇರೇನೂ ಇಲ್ಲ. ಕೊನೆಯ 150ಕ್ಕೆ ಪೆಟ್ಟಿಗೆಯ ಮುಂದೆ ಕೂತರೆ ದಿನ ಹೋಗುತ್ತದೆ, ಕಾರ್ಡು ಬರುವುದಿಲ್ಲ.

ಆದರೆ ಈ ಎರಡೂ ದಾರಿಗಳು ಎಲ್ಲ ಸೆಟ್ಟಿಗೂ ಹೊಂದುವುದಿಲ್ಲ. 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ವರ್ಷಗಳವರೆಗೆ ಕಂಪನಿಗಳು ಮಿತಿಮೀರಿ ಅಚ್ಚು ಹಾಕಿದವು. ಹವ್ಯಾಸಿಗಳು ಆ ಕಾಲವನ್ನು ‘ಜಂಕ್ ವ್ಯಾಕ್ಸ್’ ಎಂದೇ ಕರೆಯುತ್ತಾರೆ. ಮರದ ಹಲಗೆಯಂಥ ಅಂಚಿನ 1987ರ ಟಾಪ್ಸ್ ತೆಗೆದುಕೊಳ್ಳಿ. ಒಟ್ಟು 792 ಕಾರ್ಡು. ಡೈಮ್ ಬಾಕ್ಸಿನಿಂದ ಒಂದೊಂದೇ ಆರಿಸಿದರೆ 79 ಡಾಲರ್ 20 ಸೆಂಟ್ ಆಗುತ್ತದೆ. ಅದೇ ಸೆಟ್ ಪೂರ್ತಿಯಾಗಿ, 320ನೇ ಸಂಖ್ಯೆಯ, ಹೆಸರಾಂತ ಆಟಗಾರ ಬ್ಯಾರಿ ಬಾಂಡ್ಸ್ ಕಾರ್ಡೂ ಸೇರಿ, ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಟ್ರೇಡ್ ಮಾಡಿದರೆ ಅಂಚೆ ಖರ್ಚೇ ಸೆಟ್ಟಿನ ಬೆಲೆ ಮುಟ್ಟುತ್ತದೆ. ಇಂಥದ್ದನ್ನು ಇಡಿಯಾಗಿ ಕೊಂಡು 800 ಕಾರ್ಡಿನ ಉದ್ದ ಡಬ್ಬಿಯಲ್ಲಿ ಜೋಡಿಸಿಟ್ಟುಬಿಡಿ. ಪೆಟ್ಟಿಗೆಯೋ ಟ್ರೇಡೋ ಎಂಬ ಪ್ರಶ್ನೆ ನಿಜವಾಗಿ ಏಳುವುದು 1970ರ ದಶಕದ ಸೆಟ್ಟುಗಳಲ್ಲಿ.

ಪೆಟ್ಟಿಗೆಯ ದೊಡ್ಡ ಲಾಭವೆಂದರೆ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಬಹುದು. 1975ರ ಕಾರ್ಡಿಗೆ ಇದು ತುಂಬ ಮುಖ್ಯ, ಏಕೆಂದರೆ ಅದರ ಅಂಚು ಎರಡು ಗಾಢ ಬಣ್ಣದ್ದು. ಬಿಳಿ ಅಂಚಿನ ಕಾರ್ಡಿನಲ್ಲಿ ಸವೆತ ಬಿಳಿಯಲ್ಲೇ ಮುಚ್ಚಿಹೋಗುತ್ತದೆ. ಇಲ್ಲಿ ಬಣ್ಣ ಕೂದಲೆಳೆಯಷ್ಟು ಕಿತ್ತರೂ ಒಳಗಿನ ರಟ್ಟು ಹೊರಗೆ ಕಾಣುತ್ತದೆ. ಕಾರ್ಡನ್ನು ದೀಪಕ್ಕೆ ಎದುರು ಹಿಡಿದರೆ ಸಾಲದು, ಓರೆಯಾಗಿ ತಿರುಗಿಸಬೇಕು. ಮಡಿಕೆಯ ಗೆರೆ ನೇರ ಬೆಳಕಿನಲ್ಲಿ ಅಡಗಿರುತ್ತದೆ, ಓರೆ ಬೆಳಕಿನಲ್ಲಿ ಮಾತ್ರ ಎದ್ದು ಬರುತ್ತದೆ. ಮೊದಲು ನಾಲ್ಕು ಮೂಲೆ, ಆಮೇಲೆ ನಾಲ್ಕು ಅಂಚು, ಆಮೇಲೆ ಮೇಲ್ಮೈ, ಕೊನೆಗೆ ಹಿಂಬದಿ. ಈ ಕ್ರಮ ಕೈಗೆ ಕೂತರೆ ಒಂದು ಕಾರ್ಡಿಗೆ ಐದು ಸೆಕೆಂಡು ಸಾಕು.

ಬೇಕಾದ ಸಂಖ್ಯೆಗಳ ಪಟ್ಟಿಯನ್ನು ಫೋನಿಗಿಂತ ಕಾಗದದಲ್ಲಿ ಇಟ್ಟುಕೊಳ್ಳುವುದು ಲೇಸು. 1ರಿಂದ 660ರವರೆಗೆ ಚೌಕ ಹಾಕಿ, ಸಿಕ್ಕಿದ್ದನ್ನು ಪೆನ್ಸಿಲಿನಲ್ಲಿ ಹೊಡೆಯುತ್ತ ಹೋದರೆ ಒಂದೇ ಕಾರ್ಡನ್ನು ಎರಡು ಮೇಜಿನಲ್ಲಿ ಕೊಳ್ಳುವ ತಪ್ಪು ಆಗುವುದಿಲ್ಲ. ಕಾರ್ಡಿನ ಸಂಖ್ಯೆ ಹಿಂಬದಿಯಲ್ಲಿರುತ್ತದೆ. ಆದ್ದರಿಂದ ಹಿಡಿಯಷ್ಟು ಕಾರ್ಡು ಹೊರಗೆ ತೆಗೆದು ಮೇಜಿನ ಮೇಲೆ ಮಗುಚಿಟ್ಟು ನೋಡಿ. ಸಾಲಿನೊಳಗೇ ಬೆರಳು ತುರುಕಿ ಒಂದನ್ನು ಎಳೆದರೆ ಅದರ ಪಕ್ಕದ ಕಾರ್ಡಿನ ಮೂಲೆ ಹೋಗುತ್ತದೆ. ಬಿಗಿಯಾಗಿ ತುಂಬಿದ ಪೆಟ್ಟಿಗೆಯ ಕಾರ್ಡುಗಳ ಮೂಲೆ ಚೂಪಾಗಿ ಉಳಿಯದಿರುವುದು ಹೀಗೆಯೇ.

ಸಾಲಿನಲ್ಲಿ ಒಂದು ಕಾರ್ಡು ಗಿಡ್ಡವಾಗಿ ಕೆಳಗೆ ಕುಸಿದಂತೆ ಕಂಡರೆ ತಕ್ಷಣ ತೆಗೆಯಿರಿ. ಟಾಪ್ಸ್ 1975ರಲ್ಲಿ ಇದೇ ಸೆಟ್ಟನ್ನು ಚಿಕ್ಕ ಅಳತೆಯಲ್ಲೂ ಅಚ್ಚು ಹಾಕಿತ್ತು. ಸಾಮಾನ್ಯ ಕಾರ್ಡು 2½ × 3½ ಇಂಚು, ಮಿನಿ 2¼ × 3⅛ ಇಂಚು. ಮಿನಿಗೆ ಬೆಲೆ ಹೆಚ್ಚು, ಆದರೆ ಅವಸರದಲ್ಲಿ ಪೆಟ್ಟಿಗೆ ತುಂಬಿದವರು ಅದನ್ನು ಬೇರೆ ಮಾಡಿರುವುದಿಲ್ಲ. ನಮ್ಮ ಸೆಟ್ಟಿಗೆ ಅದು ಸೇರದಿದ್ದರೂ ಟ್ರೇಡಿಗೆ ಬಂಗಾರ.

ಚೌಕಾಸಿ ಕೊನೆಯಲ್ಲಿ. ಒಂದೊಂದು ಕಾರ್ಡಿಗೂ ಬೆಲೆ ಕೇಳುತ್ತ ಹೋದರೆ ಡೀಲರ್ ಬೇಸರಪಡುತ್ತಾನೆ. 60 ಕಾರ್ಡಿನ ಕಟ್ಟು ಮುಂದಿಟ್ಟು, ಸಣ್ಣ ನೋಟುಗಳನ್ನು ಕೈಯಲ್ಲಿ ಹಿಡಿದು, ಎಲ್ಲ ಸೇರಿ ಎಷ್ಟಕ್ಕೆ ಎಂದು ಕೇಳಿದರೆ ಬೆಲೆ ಇಳಿಯುತ್ತದೆ. ಮಧ್ಯಾಹ್ನ ಕಳೆದು, ಪೆಟ್ಟಿಗೆಗಳನ್ನು ವ್ಯಾನಿಗೆ ಮತ್ತೆ ಹೊರಬೇಕಾದ ಹೊತ್ತಿಗೆ ಇನ್ನೂ ಇಳಿಯುತ್ತದೆ.

ಒಂದು ಕಲೆಗೆ ಹೆದರಬೇಕಿಲ್ಲ. ಆಗ ಕಾರ್ಡುಗಳನ್ನು ಮಾರುತ್ತಿದ್ದ ಪ್ಯಾಕಿನ ಹೊದಿಕೆ ಮೇಣದ ಕಾಗದದ್ದು. ಅದನ್ನು ಬಿಸಿಯಿಂದ ಅಂಟಿಸುವಾಗ ಪ್ಯಾಕಿನ ತುದಿಯ ಕಾರ್ಡಿಗೆ ಮೇಣ ಹತ್ತುತ್ತಿತ್ತು. ಮುಂಬದಿಯ ನುಣುಪಿನ ಮೇಲಿರುವ ಮೇಣವನ್ನು ಹಳೆಯ ನೈಲಾನ್ ಕಾಲುಚೀಲದಿಂದ ಹಗುರವಾಗಿ ಉಜ್ಜಿದರೆ ಹೋಗುತ್ತದೆ. ಹಿಂಬದಿಯ ಬರಿ ರಟ್ಟು ಮೇಣವನ್ನು ಹೀರಿಕೊಂಡಿರುತ್ತದೆ, ಅಲ್ಲಿ ಏನೂ ಮಾಡಲಾಗದು. ಪ್ಯಾಕಿನಲ್ಲಿ ಕಾರ್ಡಿನ ಜೊತೆಗೇ ಬರುತ್ತಿದ್ದ ಚೂಯಿಂಗ್ ಗಮ್ ಬಿಟ್ಟ ಕಂದು ಕಲೆಯೂ ಹಾಗೆಯೇ. ನೀರು ಮಾತ್ರ ಮುಟ್ಟಿಸಬೇಡಿ.

ಸುಮಾರು 400 ಕೂಡಿದ ಮೇಲೆ ಪೆಟ್ಟಿಗೆ ಕೈಕೊಡುತ್ತದೆ. ಮೊದಲ ದಿನ ಹತ್ತರಲ್ಲಿ ಎಂಟು ಕಾರ್ಡು ಬೇಕಾದವೇ ಆಗಿದ್ದವು. ಈಗ ಸಾವಿರ ಕಾರ್ಡು ತಿರುವಿದರೂ ಪಟ್ಟಿಯ ಒಂದೆರಡು ಸಿಕ್ಕರೆ ಹೆಚ್ಚು. ಟ್ರೇಡಿಗೆ ಇಳಿಯಬೇಕಾದ ಹೊತ್ತು ಇದು.

ಟ್ರೇಡಿಂಗ್ ಕಾರ್ಡ್ ಡೇಟಾಬೇಸ್‌ನಂಥ ತಾಣದಲ್ಲಿ ಬೇಕಾದ್ದರ ಪಟ್ಟಿ, ಕೊಡುವುದರ ಪಟ್ಟಿ ಎರಡನ್ನೂ ಹಾಕಿದರೆ ಹೊಂದುವವರು ಯಾರೆಂದು ತಾಣವೇ ತೋರಿಸುತ್ತದೆ. ಊರಿನಲ್ಲಿ ಟ್ರಂಪ್ ಕಾರ್ಡ್ ಬದಲಾಯಿಸಿ ಬೆಳೆದವರಿಗೆ ಒಂದಕ್ಕೊಂದು ಎಂಬ ಲೆಕ್ಕ ಬಾಯಿಪಾಠ. ಸಾಮಾನ್ಯ ಆಟಗಾರರ ಕಾರ್ಡಿಗೆ, ಹವ್ಯಾಸಿಗಳ ಬಾಯಲ್ಲಿ ‘ಕಾಮನ್’, ಇಲ್ಲಿಯೂ ಅದೇ ಲೆಕ್ಕ. ಹೆಸರಾಂತ ಆಟಗಾರನ ಕಾರ್ಡಾದರೆ ಇಬೇಯಲ್ಲಿ ಈಚೆಗೆ ಮಾರಾಟವಾದ ಬೆಲೆ ನೋಡಿ ಸರಿದೂಗಿಸಿ. ಮಾರುವವನು ಕೇಳಿ ಕೂತ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಟ್ರೇಡಿನ ಬೆಲೆ ಅಂಚೆಯಲ್ಲಿದೆ. 1 ಔನ್ಸಿನ ಪತ್ರಕ್ಕೆ 2025ರ ಜುಲೈನಲ್ಲಿ ಸ್ಟ್ಯಾಂಪು 78 ಸೆಂಟ್ ಆಗಿತ್ತು. ಒಂದು ಕಾರ್ಡು ಸುಮಾರು 1.8 ಗ್ರಾಂ, ಔನ್ಸ್ ಅಂದರೆ 28.35 ಗ್ರಾಂ. ಕವರು, ಪ್ಲಾಸ್ಟಿಕ್ ಎಲ್ಲ ಸೇರಿ ಹತ್ತು ಕಾರ್ಡು ಆ ತೂಕದೊಳಗೆ ಹೋಗುತ್ತವೆ. ಅಂದರೆ ಆ ದರದಲ್ಲಿ ಕಾರ್ಡಿಗೆ ಎಂಟು ಸೆಂಟಿಗಿಂತ ಕಡಿಮೆ. ಆದರೆ ಹತ್ತನ್ನೂ ಒಂದೇ ಕಟ್ಟು ಮಾಡಿದರೆ ಪತ್ರಕ್ಕಿರುವ ಕಾಲು ಇಂಚಿನ ಮಿತಿಯ ಹತ್ತಿರ ಬರುತ್ತದೆ, ಬಾಗುವುದೂ ಇಲ್ಲ. ಐದೈದರ ಎರಡು ಕಟ್ಟು ಮಾಡಿ, ಉದ್ದನೆಯ ಕವರಿನಲ್ಲಿ ಅಕ್ಕಪಕ್ಕ ಇಟ್ಟು, ಮಡಿಸಿದ ಕಾಗದಕ್ಕೆ ಟೇಪಿನಿಂದ ಹಿಡಿಸಿ. ಕಟ್ಟು ಸರಿದಾಡಿದರೆ ಒಂದೇ ಕಡೆ ಗಂಟಾಗಿ ವಿಂಗಡಣೆ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಟೇಪು ಬಣ್ಣ ಬಳಿಯುವವರು ಬಳಸುವ ನೀಲಿಯದೇ ಆಗಲಿ, ತುದಿಯನ್ನು ಸ್ವಲ್ಪ ಮಡಿಸಿಡಿ, ಬಿಚ್ಚುವವರಿಗೆ ಹಿಡಿತ ಸಿಗುತ್ತದೆ. ಪಾರದರ್ಶಕ ಟೇಪು ಕಿತ್ತ ಮೇಲೂ ಅದರ ಅಂಟು ಉಳಿಯುತ್ತದೆ.

ಕಾರ್ಡು ತೂರಿಸಿಡುವ ಗಟ್ಟಿ ಪ್ಲಾಸ್ಟಿಕ್ ಹೊದಿಕೆಯನ್ನು, ಅಂದರೆ ಟಾಪ್‌ಲೋಡರನ್ನು, ಬರಿಯ ಪತ್ರದ ಕವರಿನಲ್ಲಿ ಹಾಕುವುದು ಹೊಸಬರು ಮಾಡುವ ಮಾಮೂಲು ತಪ್ಪು. ಯಂತ್ರದ ಉರುಳೆಗಳ ನಡುವೆ ಅದು ಬಾಗುವುದಿಲ್ಲ. ಕವರು ಹರಿದು ಖಾಲಿಯಾಗಿ ತಲುಪುತ್ತದೆ. ಟಾಪ್‌ಲೋಡರ್ ಬೇಕಾಗುವಷ್ಟು ಬೆಲೆಯ ಕಾರ್ಡಾದರೆ ಬಬಲ್ ಕವರಿನಲ್ಲಿ ಪಾರ್ಸೆಲ್ಲಾಗಿ ಕಳಿಸಿ. ಖರ್ಚು ಐದು ಡಾಲರ್ ಆಸುಪಾಸಿನಿಂದ ಶುರು, ಆದರೆ ಎಲ್ಲಿದೆ ಎಂದು ನೋಡಬಹುದು. ಐದು ಡಾಲರ್ ಅಂಚೆಗೆ ಹಾಕಿ ಎರಡು ಡಾಲರಿನ ಕಾರ್ಡು ಬದಲಾಯಿಸುವುದರಲ್ಲಿ ಅರ್ಥವಿಲ್ಲ.

ಟ್ರೇಡಿನಲ್ಲಿ ಮನಸ್ತಾಪ ಬರುವುದು ಹೆಚ್ಚಾಗಿ ಸ್ಥಿತಿಯ ಬಗ್ಗೆ. ಒಬ್ಬರ ‘ಎಕ್ಸಲೆಂಟ್’ ಇನ್ನೊಬ್ಬರ ‘ಗುಡ್’. ಆ ಶಬ್ದಗಳನ್ನು ಬಿಟ್ಟು ನೇರವಾಗಿ ಕೇಳಿ: ಮಡಿಕೆ ಇದೆಯೇ, ಹಿಂದೆ ಬರೆದಿದೆಯೇ, ಎಷ್ಟು ಮೂಲೆ ದುಂಡಾಗಿವೆ? ಎರಡೂ ಬದಿಯ ಸ್ಕ್ಯಾನ್ ತರಿಸಿಕೊಳ್ಳಿ. ಇದು ಕೇಳಲೇಬೇಕಾದ ಜಾಗ ತಂಡಗಳ ಕಾರ್ಡು. 1975ರಲ್ಲಿ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ 24 ತಂಡಗಳಿದ್ದವು, ಪ್ರತಿ ತಂಡದ ಕಾರ್ಡಿನ ಹಿಂಬದಿಯಲ್ಲಿ ಆಟಗಾರರ ಪಟ್ಟಿ, ಪಕ್ಕದಲ್ಲಿ ಪುಟ್ಟ ಚೌಕ. ಆಗಿನ ಮಕ್ಕಳು ಸಿಕ್ಕಿದ ಕಾರ್ಡಿಗೆ ಶ್ರದ್ಧೆಯಿಂದ ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಗುರುತಿಲ್ಲದ್ದು ಅಪರೂಪ, ಬೆಲೆಯೂ ಹೆಚ್ಚು. ಪೆಟ್ಟಿಗೆಯಲ್ಲಿ ಸಿಕ್ಕರೆ ಬೇಕಿಲ್ಲದಿದ್ದರೂ ಎತ್ತಿಕೊಳ್ಳಿ, ಟ್ರೇಡಿನಲ್ಲಿ ಒಂದಕ್ಕೆ ಮೂರು ಕಾಮನ್ ಕೇಳಬಹುದು.

ಇದಲ್ಲದೆ ಪ್ರತಿ ಸೆಟ್ಟಿನಲ್ಲೂ ಎರಡೂ ದಾರಿಗೆ ದಕ್ಕದ ಕೆಲವು ಕಾರ್ಡುಗಳು ಉಳಿಯುತ್ತವೆ. ಇಲ್ಲಿ ಅವು 228ನೇ ಜಾರ್ಜ್ ಬ್ರೆಟ್, 223ನೇ ರಾಬಿನ್ ಯೌಂಟ್, ಇಬ್ಬರದೂ ರೂಕಿ ಕಾರ್ಡು, ಅಂದರೆ ಆಟಗಾರನ ಮೊದಲ ಕಾರ್ಡು. ಜೊತೆಗೆ 500ನೇ ನೋಲನ್ ರಯಾನ್, 660ನೇ ಹ್ಯಾಂಕ್ ಆರನ್. ಡೀಲರಿಗೆ ಟ್ರೇಡ್ ಕೊಟ್ಟರೆ ನಮ್ಮ ಕಾರ್ಡಿನ ಬೆಲೆಯಲ್ಲಿ ಕಾಲು ಭಾಗದಷ್ಟು ಮುರಿದುಕೊಳ್ಳುತ್ತಾನೆ, ಅವನ ಬದುಕೂ ಅದೇ. ನೇರ ಹಣ ಕೊಟ್ಟು ಕೊಳ್ಳುವುದು ವಾಸಿ.

ಆಗ 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಜೇಬಿನಲ್ಲಿರಲಿ. 1975ರ ಕಾರ್ಡಿನ ಮುಂಬದಿಯಲ್ಲಿ ಆಟಗಾರನ ಸಹಿ ಅಚ್ಚಾಗಿರುತ್ತದೆ. ಅಸಲಿಯಲ್ಲಿ ಆ ಸಹಿಯ ಗೆರೆ ಒಂದೇ ಶಾಯಿಯ ಗಟ್ಟಿ ಕಪ್ಪು. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿಯಲ್ಲಿ ಅದೇ ಗೆರೆ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ಹೋಲಿಸಲು ಅದೇ ಸೆಟ್ಟಿನ, ಡಾಲರ್ ಪೆಟ್ಟಿಗೆಯಲ್ಲಿ ಕೊಂಡ ಕಾಮನ್ ಒಂದನ್ನು ಜೊತೆಗೆ ಒಯ್ಯಿರಿ. ಒಂದರ ಮೇಲೊಂದಿಟ್ಟರೆ ಅಂಚು ಕತ್ತರಿಸಿದ್ದೂ ಗೊತ್ತಾಗಿಬಿಡುತ್ತದೆ.