ಕ್ರಾವ್ ಮಗಾ ತರಗತಿ: ವರ್ಷಗಟ್ಟಲೆ ಕಲಿತ ಮೇಲೆ ಬರೆದ ವಿಮರ್ಶೆ

ಆತ್ಮರಕ್ಷಣೆಯ ಕ್ಲಾಸಿಗೆ ಸೇರಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾರಾದರೂ ಮೈಮೇಲೆ ಬಂದರೆ ಹೊಡೆಯೋಕೆ ಬರುತ್ತಾ? ಬರುತ್ತದೆ. ಬಿಡದೆ ಹೋದರೆ ಖಂಡಿತ ಬರುತ್ತದೆ. ಆದರೆ ನಾನು ಇಷ್ಟು ವರ್ಷ ಫೀಸು ಕಟ್ಟುತ್ತಿರುವುದು ಅದಕ್ಕಲ್ಲ. ಕೈ ಎತ್ತುವ ಹೊತ್ತು ಬರುವ ಮೊದಲು ಏನು ಮಾಡಬೇಕು ಅಂತ ಕಲಿಸಿದ್ದು ಈ ಕ್ಲಾಸು. ಮನೆಯಲ್ಲಿ, ಶಾಲೆಯಲ್ಲಿ, ಆಫೀಸಿನಲ್ಲಿ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಕೋವಿಡ್ ಕಳೆದು ಆಫೀಸು ಮತ್ತೆ ಶುರುವಾದಾಗ ಸೇರಿದ್ದು. ಬೆಂಗಳೂರಿನಲ್ಲಿ, ಮನೆಗೆ ಹತ್ತಿರದ ಒಂದು ಸಣ್ಣ ಹಾಲ್. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಮ್ಯಾಟ್ ಹಾಸಿದ ನೆಲ. ವಾರಕ್ಕೆ ಮೂರು ಕ್ಲಾಸು, ತಿಂಗಳಿಗೆ ಮೂರು ಸಾವಿರದ ಆಸುಪಾಸು ಫೀಸು. ಜಾಗದ ಹೆಸರು ಬರೆಯುತ್ತಿಲ್ಲ. ಊರಿನಲ್ಲಿ ಇಂಥ ಕ್ಲಾಸುಗಳು ಬೇಕಾದಷ್ಟಿವೆ, ಬೋರ್ಡಿಗಿಂತ ಒಳಗೆ ಕಲಿಸುವ ರೀತಿ ಮುಖ್ಯ. ನಾನು ಬರೆಯುತ್ತಿರುವುದೂ ಅದನ್ನೇ.

ನಾನು ಕಲಿಯುತ್ತಿರುವ ಆತ್ಮರಕ್ಷಣಾ ಕಲೆ ಕ್ರಾವ್ ಮಗಾ ಹುಟ್ಟಿದ ಕಥೆ ಗೊತ್ತಿದ್ದರೆ ಕ್ಲಾಸಿನ ಧಾಟಿ ಬೇಗ ಅರ್ಥವಾಗುತ್ತದೆ. ಇದನ್ನು ಕಟ್ಟಿದವರು ಇಮಿ ಲಿಖ್ಟೆನ್‌ಫೆಲ್ಡ್. 1910ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಬ್ರಾಟಿಸ್ಲಾವಾದಲ್ಲಿ ಬೆಳೆದವರು. ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದರು. ಇಮಿ ಒಳ್ಳೆಯ ಕುಸ್ತಿಪಟು, ಬಾಕ್ಸರ್ ಕೂಡ. 1930ರ ದಶಕದಲ್ಲಿ ಅಲ್ಲಿನ ಯೆಹೂದಿಗಳ ಕೇರಿಗೆ ಗುಂಪುಗಳು ನುಗ್ಗಿ ಹೊಡೆಯತೊಡಗಿದಾಗ, ಇವರು ಹುಡುಗರನ್ನು ಸೇರಿಸಿಕೊಂಡು ಎದುರು ನಿಂತರು. ಕುಸ್ತಿಯ ಅಖಾಡದಲ್ಲಿ, ಬಾಕ್ಸಿಂಗ್ ರಿಂಗಿನಲ್ಲಿ ಕಲಿತದ್ದು ಬೀದಿಯಲ್ಲಿ ಹಾಗೇ ನಡೆಯುವುದಿಲ್ಲ ಅಂತ ಅವರಿಗೆ ತಿಳಿದದ್ದು ಅಲ್ಲಿ. ಬೀದಿಯಲ್ಲಿ ರೆಫರಿ ಇಲ್ಲ. ಎದುರಿಗೆ ಒಬ್ಬನೇ ಇರುತ್ತಾನೆ ಅನ್ನುವ ಗ್ಯಾರಂಟಿಯೂ ಇಲ್ಲ. ಮುಂದೆ ಇಸ್ರೇಲಿ ಸೈನ್ಯಕ್ಕೆ ವರ್ಷಗಟ್ಟಲೆ ತರಬೇತಿ ಕೊಟ್ಟರು, ನಿವೃತ್ತರಾದ ಮೇಲೆ ಸಾಮಾನ್ಯ ಜನರಿಗೆ ಹೊಂದುವಂತೆ ಅದನ್ನು ತಿದ್ದಿದರು. 1998ರಲ್ಲಿ ತೀರಿಕೊಂಡರು. ಹೀಗಾಗಿ ಈ ಕಲೆಯಲ್ಲಿ ಕರಾಟೆಯ ಕಟಾಗಳಂಥ ಚೆಂದದ ಭಂಗಿಗಳು ಇಲ್ಲ. ಹೊಡಿ, ಬಿಡಿಸಿಕೋ, ಓಡು. ಪ್ರತಿ ಡ್ರಿಲ್ಲೂ ಬಾಗಿಲಿನ ಕಡೆ ಓಡುವುದರಲ್ಲೇ ಮುಗಿಯುತ್ತದೆ. ನಮ್ಮ ಸರ್ ಇದರಲ್ಲಿ ತುಂಬಾ ಕಟ್ಟುನಿಟ್ಟು. ಚೆನ್ನಾಗಿ ಹೊಡೆದು ಅಲ್ಲೇ ನಿಂತರೆ, ಮತ್ತೆ ಮೊದಲಿಂದ ಮಾಡಿಸುತ್ತಾರೆ.

ಮೊದಲ ತಿಂಗಳಲ್ಲೇ ನಾಲ್ಕು ಬಣ್ಣಗಳ ಪಾಠ ಆಯಿತು. ಜೆಫ್ ಕೂಪರ್ ಅನ್ನುವ ಅಮೆರಿಕದ ಮಾಜಿ ಸೈನಿಕ, ಬಂದೂಕು ತರಬೇತುದಾರ ಜನಪ್ರಿಯಗೊಳಿಸಿದ ವಿಂಗಡಣೆ ಅದು. ಬಿಳಿ ಅಂದರೆ ಸುತ್ತ ಏನಾಗುತ್ತಿದೆ ಅನ್ನುವುದೇ ಗೊತ್ತಿಲ್ಲದ ಸ್ಥಿತಿ. ಕಿವಿಗೆ ಇಯರ್‌ಫೋನ್, ಕಣ್ಣು ರೀಲ್ಸ್ ಮೇಲೆ, ಕಾಲು ರಸ್ತೆ ಮೇಲೆ. ಹಳದಿ ಅಂದರೆ ಆರಾಮಾಗಿದ್ದೇವೆ, ಆದರೆ ತಲೆ ಎತ್ತಿದೆ. ಕಿತ್ತಳೆ ಅಂದರೆ ಯಾವುದೋ ಒಬ್ಬ ವ್ಯಕ್ತಿ, ಒಂದು ಗಾಡಿ ಗಮನಕ್ಕೆ ಬಿದ್ದಿದೆ, ಇವನು ಹೀಗೆ ಮಾಡಿದರೆ ನಾನು ಹೀಗೆ ಅಂತ ಮನಸ್ಸು ಲೆಕ್ಕ ಹಾಕುತ್ತಿದೆ. ಕೆಂಪು ಅಂದರೆ ಹಾಗೆ ಮಾಡಿದ, ನಾನು ಹೊರಟೆ. ಇದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹಳದಿ. ಇಡೀ ದಿನ ಕಿತ್ತಳೆಯಲ್ಲಿ ಇದ್ದರೆ ಮನುಷ್ಯ ಸುಸ್ತಾಗಿ ಹೋಗುತ್ತಾನೆ, ಎಲ್ಲರ ಮೇಲೂ ಅನುಮಾನ ಪಡುತ್ತಾನೆ. ಅದು ಬದುಕುವ ರೀತಿಯಲ್ಲ. ಹಳದಿಯಲ್ಲಿದ್ದು ನಗಬಹುದು, ಮಾತಾಡಬಹುದು, ತರಕಾರಿ ಆರಿಸಬಹುದು. ಹಿಂದೆ ಯಾರು ನಿಂತಿದ್ದಾರೆ ಅನ್ನುವುದೂ ಗೊತ್ತಿರುತ್ತದೆ.

ಇದರ ಫಲ ಹೇಗಿರುತ್ತದೆ ಅಂತ ಒಂದು ಉದಾಹರಣೆ. ಒಂದು ಸಂಜೆ ಮೆಟ್ರೊ ಇಳಿದು ಒಳರಸ್ತೆಯಲ್ಲಿ ನಡೆಯುತ್ತಿದ್ದೆ. ಒಂದು ಬೈಕು, ಇಬ್ಬರು, ನಿಧಾನಕ್ಕೆ ನನ್ನನ್ನು ದಾಟಿ ಹೋದರು. ಹಿಂದೆ ಕೂತವನು ತಿರುಗಿ ನನ್ನ ಕತ್ತಿನ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಅದೇ ಬೈಕು ಎದುರಿಂದ ಬಂತು. ನಾನು ಬ್ಯಾಗನ್ನು ಗೋಡೆ ಕಡೆಯ ಹೆಗಲಿಗೆ ಹಾಕಿಕೊಂಡು, ಪಕ್ಕದ ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತಿ, ಅವರ ಕಡೆ ನೇರವಾಗಿ ನೋಡುತ್ತಾ ನಿಂತೆ. ಬೈಕು ಹೋಯಿತು. ಅವರು ಸರಗಳ್ಳರೋ, ಮನೆ ನಂಬರ್ ಹುಡುಕುತ್ತಿದ್ದವರೋ, ನನಗೆ ಗೊತ್ತಾಗಬೇಕಾಗಿಯೂ ಇಲ್ಲ. ಏನೂ ಆಗಲಿಲ್ಲ ಅಲ್ವಾ, ಈ ತರಬೇತಿಯ ಫಲಿತಾಂಶ ಇರುವುದೇ ಹಾಗೆ. ವಿಡಿಯೊ ಮಾಡಿ ತೋರಿಸುವಂಥದ್ದು ಏನೂ ಇರುವುದಿಲ್ಲ.

ಇನ್ನು ದನಿ. ಪಂಚು ಕಲಿಯುವುದಕ್ಕಿಂತ ಇದು ಕಷ್ಟ ಅಂದರೆ ನಂಬಿ. ಎರಡು ಅಂಗೈ ಎದೆಯ ಮಟ್ಟಕ್ಕೆ ಎತ್ತಿ, ಬೆರಳು ಬಿಡಿಸಿ, ಒಂದು ಕಾಲು ಹಿಂದಿಟ್ಟು, ಹೊಟ್ಟೆಯಿಂದ ಕೂಗಬೇಕು: "ಅಲ್ಲೇ ನಿಲ್ಲಿ! ಹತ್ತಿರ ಬರಬೇಡಿ!" ಹೊಸದಾಗಿ ಬಂದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಬಾಯಿ ಏಳುವುದಿಲ್ಲ. ಮುಜುಗರಕ್ಕೆ ನಗು ಬರುತ್ತದೆ, ಇಲ್ಲವೇ ಮಾತಿನ ಕೊನೆಗೆ "ಪ್ಲೀಸ್" ಸೇರಿಕೊಳ್ಳುತ್ತದೆ. ಮೆಲ್ಲಗೆ ಮಾತಾಡು, ಎದುರು ಮಾತಾಡಬೇಡ ಅಂತ ಕೇಳಿಕೊಂಡೇ ಬೆಳೆದವರು ನಾವು. ಆ ಕಟ್ಟು ಒಂದು ದಿನಕ್ಕೆ ಬಿಚ್ಚುವುದಿಲ್ಲ. ನಮ್ಮ ಬ್ಯಾಚಿನ ನಿವೃತ್ತ ಟೀಚರ್ ಒಬ್ಬರು ಮಾತ್ರ ಮೊದಲ ದಿನವೇ ಹಾಲ್ ಗಡಗಡ ಅನ್ನುವಂತೆ ಕೂಗಿದರು. ಕೈ ಎದೆಯ ಮಟ್ಟದಲ್ಲಿ ಯಾಕೆ ಅಂದರೆ, ನೋಡುವವರಿಗೆ "ಇವರು ಜಗಳ ಬೇಡ ಅನ್ನುತ್ತಿದ್ದಾರೆ" ಅಂತ ಕಾಣುತ್ತದೆ. ಜೊತೆಗೆ ಮುಖಕ್ಕೆ ಏಟು ಬಂದರೆ ತಡೆಯಲು ಕೈ ಆಗಲೇ ಮೇಲಿರುತ್ತದೆ. ಬಸ್ಸಿನಲ್ಲಿ ಮೈಗೆ ಮೈ ತಾಗಿಸುವವನಿಗೆ ನಾನು ಈಗ ಹೇಳುವ "ದೂರ ನಿಲ್ಲಿ" ಕೇಳಿ ಇಡೀ ಬಸ್ಸು ತಿರುಗಿ ನೋಡುತ್ತದೆ.

ಭಯವಾದಾಗ ಮೈಯಲ್ಲಿ ಏನಾಗುತ್ತದೆ ಅನ್ನುವುದನ್ನು ಒಳ್ಳೆಯ ಕ್ಲಾಸು ಬಾಯಲ್ಲಿ ಹೇಳಿ ಬಿಡುವುದಿಲ್ಲ, ಅನುಭವಕ್ಕೆ ತರುತ್ತದೆ. ಅಡ್ರಿನಲಿನ್ ನುಗ್ಗಿದಾಗ ಎದೆ ಹೊಡೆದುಕೊಳ್ಳುತ್ತದೆ, ನೋಟ ಕಿರಿದಾಗುತ್ತದೆ, ಕಿವಿಗೆ ಸದ್ದು ಸರಿಯಾಗಿ ಬೀಳುವುದಿಲ್ಲ, ಬೆರಳುಗಳು ನಡುಗುತ್ತವೆ. ನಮ್ಮಲ್ಲಿ ಇದಕ್ಕೆ ಒಂದು ಡ್ರಿಲ್ ಇದೆ. ಮೊದಲು ಬರ್ಪಿ, ಅಂದರೆ ಕೂತು, ನೆಲಕ್ಕೆ ಒರಗಿ, ಎದ್ದು ಜಿಗಿಯುವ ಕಸರತ್ತು ಮಾಡಿಸಿ ಉಸಿರು ಕಟ್ಟಿಸುತ್ತಾರೆ. ಆಮೇಲೆ ಲೈಟು ಮಂಕು ಮಾಡಿ, ಸ್ಪೀಕರಿನಲ್ಲಿ ಜೋರು ಸದ್ದು ಹಾಕಿ, ನಡುವೆ ಕಣ್ಣು ಮುಚ್ಚಿ ನಿಲ್ಲಿಸುತ್ತಾರೆ. ಸುತ್ತಲಿಂದ ಪ್ಯಾಡ್ ಹಿಡಿದವರು ಭುಜಕ್ಕೆ, ಬೆನ್ನಿಗೆ ತಳ್ಳುತ್ತಾರೆ. ಯಾವಾಗಲೋ ಒಬ್ಬರು ಹಿಂದಿನಿಂದ ಕತ್ತು ಹಿಡಿಯುತ್ತಾರೆ. ಆ ಕ್ಷಣ ಕಣ್ಣು ಬಿಟ್ಟು ಬಿಡಿಸಿಕೊಳ್ಳಬೇಕು. ಶಾಂತವಾಗಿ ಕಲಿತ ಎಂಟು ಹತ್ತು ಪಟ್ಟುಗಳಲ್ಲಿ ಆಗ ನೆನಪಾಗುವುದು ಒಂದೋ ಎರಡೋ. ಗದ್ದ ಕೆಳಗೆ ಒತ್ತುವುದು, ಎರಡೂ ಕೈಯಿಂದ ಅವನ ಕೈಯನ್ನು ಕಿತ್ತು ಕೆಳಗೆಳೆಯುವುದು, ತಿರುಗುವುದು. ಅಷ್ಟೇ. ಬೆರಳು ಹಿಡಿದು ತಿರುಚುವ ನಾಜೂಕಿನ ಪಟ್ಟುಗಳನ್ನು ನಮ್ಮ ಸರ್ ಯಾಕೆ ಕಲಿಸುವುದಿಲ್ಲ ಅನ್ನುವುದು ನನಗೆ ಅರ್ಥವಾಗಿದ್ದು ಅವತ್ತು, ಹೆಬ್ಬೆರಳು ನಡುಗುವಾಗ.

ನನಗೆ ಮೈಗೂಡಿರುವುದು ಕೆಲವೇ ಕೆಲವು. ಮುಷ್ಟಿಯ ಬದಲು ಅಂಗೈಯ ಬುಡದಿಂದ ಹೊಡೆಯುವುದು, ಯಾಕೆಂದರೆ ತಲೆಬುರುಡೆಗೆ ಮುಷ್ಟಿ ಬಡಿದರೆ ಮುರಿಯುವುದು ನಮ್ಮ ಬೆರಳೇ. ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳು ಇರುವ ಕಡೆಗೆ ಎಳೆದುಕೊಳ್ಳುವುದು, ಹಿಡಿತ ಸಡಿಲ ಇರುವುದು ಅಲ್ಲೇ. ಹಿಂದಿನಿಂದ ಜಡೆ ಹಿಡಿದರೆ ಎದುರು ಎಳೆಯದೆ, ಅವನ ಕೈಯನ್ನೇ ಎರಡೂ ಕೈಯಿಂದ ನಮ್ಮ ತಲೆಗೆ ಒತ್ತಿ ಹಿಡಿದು ತಿರುಗುವುದು. ಬಿದ್ದರೆ ಕಾಲು ಅವನ ಕಡೆ ಮಾಡಿ ಒದೆಯುತ್ತಾ, ಒಂದು ಕೈ ಮುಖಕ್ಕೆ ಅಡ್ಡ ಹಿಡಿದು ಏಳುವುದು. ತಿಂಗಳಿಗೊಮ್ಮೆ ಟ್ರ್ಯಾಕ್ ಪ್ಯಾಂಟ್ ಬಿಟ್ಟು ದಿನನಿತ್ಯದ ಬಟ್ಟೆಯಲ್ಲಿ ಬರಬೇಕು. ಸೀರೆ, ಚೂಡಿದಾರ, ಚಪ್ಪಲಿ, ಹೆಗಲಿಗೆ ಬ್ಯಾಗು. ಸೀರೆಯಲ್ಲಿ ಕಾಲು ಎತ್ತರಕ್ಕೆ ಹೋಗುವುದಿಲ್ಲ, ಮೊಣಕಾಲಿನ ಕೆಳಗೆ ಒದೆಯಬೇಕು. ಪಿನ್ ಹಾಕಿದ ದುಪಟ್ಟಾ ಎಳೆದರೆ ನಾವೂ ಅದರ ಜೊತೆಗೇ ಹೋಗುತ್ತೇವೆ. ಇಂಥ ಕ್ಲಾಸು ಇರುವ ಜಾಗಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಸರಗಳ್ಳತನದ ಪಾಠದ ದಿನ ನಡೆದ ಮಾತು ಇಲ್ಲಿ ಹೇಳಲೇಬೇಕು. ಸರ ಕಿತ್ತರೆ ಬಿಟ್ಟುಬಿಡಿ ಅಂದರು ಸರ್. ಮನೆಮನೆಗೆ ಅಡುಗೆಗೆ ಹೋಗುವ ಅಕ್ಕ ಒಬ್ಬರು ನಮ್ಮ ಬ್ಯಾಚಿನಲ್ಲಿದ್ದರು. ಅವರಿಗೆ ಅದು ಹಿಡಿಸಲಿಲ್ಲ.

"ಅದು ತಾಳಿ ಸರ. ಹೇಗೆ ಬಿಡೋದು ಸರ್?"

"ಅಕ್ಕಾ, ಅವನು ಬೈಕ್ ಮೇಲಿರ್ತಾನೆ. ನೀವು ಹಿಡ್ಕೊಂಡ್ರೆ ಸರದ ಜೊತೆ ನಿಮ್ಮನ್ನೂ ರಸ್ತೆ ಮೇಲೆ ಎಳ್ಕೊಂಡು ಹೋಗ್ತಾನೆ. ತಾಳಿ ಇನ್ನೊಂದು ಮಾಡಿಸಬಹುದು."

ಅಕ್ಕ ಸುಮ್ಮನಾದರು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ. ಮುಂದಿನ ವಾರ ಬರುವಾಗ ಕತ್ತಿನಲ್ಲಿ ಅರಿಶಿನ ದಾರ ಇತ್ತು. ಚಿನ್ನದ ಸರ ಮನೆಯಲ್ಲಿಟ್ಟು ಬಂದಿದ್ದರು. ಪರ್ಸು, ಫೋನು, ಚಿನ್ನ ಕೊಟ್ಟು ಜೀವ ಉಳಿಸಿಕೊಳ್ಳುವುದನ್ನು ಸೋಲು ಅಂತ ಅಂದುಕೊಳ್ಳದೆ ಇರಲು ನಿಜಕ್ಕೂ ಅಭ್ಯಾಸ ಬೇಕು. ಚಾಕುವಿನ ವಿಷಯದಲ್ಲೂ ನಮ್ಮ ಸರ್ ಇಷ್ಟೇ ಪ್ರಾಮಾಣಿಕರು. ಚಾಕು ಕಿತ್ತುಕೊಳ್ಳುವ ಪಟ್ಟು ಕಲಿಸುತ್ತಾರೆ, ಆದರೆ ರಬ್ಬರ್ ಚಾಕುವಿಗೆ ಸ್ಕೆಚ್ ಪೆನ್ನಿನ ಮಸಿ ಹಚ್ಚಿ ಮಾಡಿಸುತ್ತಾರೆ. ಡ್ರಿಲ್ ಮುಗಿದ ಮೇಲೆ ಬಿಳಿ ಟೀ ಶರ್ಟ್ ತುಂಬಾ ಕೆಂಪು ಗೆರೆ. ಓಡಲು ದಾರಿ ಇದ್ದರೆ ಓಡಿ ಅನ್ನುವ ಮಾತನ್ನು ಆಮೇಲೆ ಯಾರಿಗೂ ಎರಡು ಸಲ ಹೇಳಬೇಕಾಗಿ ಬರುವುದಿಲ್ಲ.

ಕಾನೂನಿನ ಬಗ್ಗೆ ವಕೀಲರೊಬ್ಬರನ್ನು ಕರೆಸಿ ಒಂದು ಕ್ಲಾಸು ಮಾಡಿಸಿದ್ದರು. ಖಾಸಗಿ ರಕ್ಷಣೆಯ ಹಕ್ಕು ಮೊದಲು ಭಾರತೀಯ ದಂಡ ಸಂಹಿತೆಯ (ಐಪಿಸಿ) 96ರಿಂದ 106ರವರೆಗಿನ ಸೆಕ್ಷನ್‌ಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದು ಈ ಹೊಸ ಕಾನೂನಿನ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ನಮ್ಮ ಮೈಯನ್ನಷ್ಟೇ ಅಲ್ಲ, ಇನ್ನೊಬ್ಬರ ಮೈಯನ್ನು ಕಾಪಾಡಲೂ ಹಕ್ಕಿದೆ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಆ ಹಕ್ಕು ದಾಳಿ ಮಾಡಿದವನ ಪ್ರಾಣ ಹೋಗುವ ಮಟ್ಟಕ್ಕೂ ವಿಸ್ತರಿಸುತ್ತದೆ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ. ಅಪಾಯ ಇರುವವರೆಗೆ ಮಾತ್ರ ಹಕ್ಕು. ಅವನು ಬಿದ್ದ ಮೇಲೋ, ಓಡಿ ಹೋಗುವಾಗಲೋ ಅಟ್ಟಿಸಿಕೊಂಡು ಹೋಗಿ ಬಾರಿಸಿದರೆ ಅದು ರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ. ತಪ್ಪಿಸಿಕೊಂಡ ಕೂಡಲೇ 112ಕ್ಕೆ ಫೋನ್ ಮಾಡುವುದನ್ನೂ ಅವತ್ತಿನಿಂದ ಡ್ರಿಲ್ಲಿಗೆ ಸೇರಿಸಿದರು. ಓಡಿ ಬಂದು, ಏದುಸಿರಿನಲ್ಲೇ ಜಾಗದ ಹೆಸರು, ಹತ್ತಿರದ ಗುರುತು ಹೇಳಬೇಕು. ಮಾಡಿ ನೋಡಿ, ನಿಮ್ಮ ರಸ್ತೆಯ ಹೆಸರೇ ಬಾಯಿಗೆ ಬರುವುದಿಲ್ಲ.

ಈಗ ಅಸಮಾಧಾನ. ದೊಡ್ಡದು ಒಂದಿದೆ. ಇಡೀ ಪಾಠ ಕತ್ತಲ ರಸ್ತೆಯ ಅಪರಿಚಿತನ ಸುತ್ತಲೇ ನಡೆಯುತ್ತದೆ. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವರದಿಗಳನ್ನು ತೆರೆದು ನೋಡಿದರೆ ಅತ್ಯಾಚಾರ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಪರಿಚಿತರೇ. ನೆಂಟರು, ಅಕ್ಕಪಕ್ಕದವರು, ಜೊತೆಗೆ ಕೆಲಸ ಮಾಡುವವರು. ಹಬ್ಬಕ್ಕೆ ಬಂದ ಚಿಕ್ಕಪ್ಪನ ಎದುರು, ಅಪ್ರೈಸಲ್ ಬರೆಯುವ ಮ್ಯಾನೇಜರ್ ಎದುರು ಮೊಣಕಾಲು ಏಳುವುದಿಲ್ಲ. ಅಲ್ಲಿ ಬೇಕಾದ್ದು ಮೊದಲ ಸಣ್ಣ ಅತಿಕ್ರಮಕ್ಕೇ "ಬೇಡ" ಅನ್ನುವ ಧೈರ್ಯ, ಅದನ್ನು ಯಾರಿಗೆ ಹೇಳಬೇಕು ಅನ್ನುವ ತಿಳಿವಳಿಕೆ, ನಂಬುವ ಒಬ್ಬರು. ನಾವು ಕೆಲವರು ಒತ್ತಾಯ ಮಾಡಿದ ಮೇಲೆ ಕುರ್ಚಿ ಹಾಕಿ, ಮನೆಯ ಹಾಲ್, ಆಫೀಸಿನ ಕ್ಯಾಬಿನ್ ಅಂತ ಮಾಡಿಕೊಂಡು ಮಾತಿನ ಅಭ್ಯಾಸ ಶುರುವಾಗಿದೆ. ಅದೂ ಅಪರೂಪಕ್ಕೆ. ಇದು ಪ್ರತಿ ವಾರ ಇರಬೇಕು. ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ಬ್ಯಾಚಿನಲ್ಲಿರುವ ಗಂಡಸರಿಗೂ.

ಉಳಿದವು ಸಣ್ಣವು. ಶನಿವಾರ ಜನ ಜಾಸ್ತಿ, ಪಾರ್ಟ್ನರ್ ಸಿಗುವುದೇ ಕಷ್ಟ. ಲೆವೆಲ್ ಪರೀಕ್ಷೆಗೆ ಬೇರೆ ಫೀಸು, ಅದನ್ನು ಸೇರುವಾಗಲೇ ಹೇಳಬೇಕಿತ್ತು. ಗ್ಲೌಸ್, ಶಿನ್ ಗಾರ್ಡ್, ಮೌತ್ ಗಾರ್ಡ್ ನಾವೇ ಕೊಳ್ಳಬೇಕು. ಹೆಬ್ಬೆರಳು ಉಳುಕುವುದು, ಮೊಣಕಾಲು ನೀಲಿಗಟ್ಟುವುದು ಇದ್ದದ್ದೇ.

ಆಫೀಸುಗಳಲ್ಲಿ ಮಹಿಳಾ ದಿನಕ್ಕೆ ಮಾಡಿಸುವ ಎರಡು ಗಂಟೆಯ ಕಾರ್ಯಾಗಾರವನ್ನು ಇದಕ್ಕೆ ಹೋಲಿಸಬೇಡಿ. ನಮ್ಮಲ್ಲೂ ಆಗಿತ್ತು. ಎಲ್ಲರೂ ಫೋಟೊ ತೆಗೆಸಿಕೊಂಡರು, ಮುಂದಿನ ತಿಂಗಳು ಮಣಿಕಟ್ಟು ಬಿಡಿಸಿಕೊಳ್ಳುವುದು ಒಬ್ಬರಿಗೂ ನೆನಪಿರಲಿಲ್ಲ. ನಮ್ಮ ಸರ್ಕಾರದ ವಸತಿ ಶಾಲೆಗಳಲ್ಲಿ ಓಬವ್ವ ಆತ್ಮರಕ್ಷಣಾ ಕಲೆ ಅನ್ನುವ ಹೆಸರಿನಲ್ಲಿ ಹುಡುಗಿಯರಿಗೆ ಕರಾಟೆ ಕಲಿಸುವ ಯೋಜನೆ ಬಂದಾಗ ನನಗೆ ಖುಷಿಯಾಗಿದ್ದು ಇದೇ ಕಾರಣಕ್ಕೆ. ಅಲ್ಲೇ ಇದ್ದು ಓದುವ ಮಕ್ಕಳಿಗೆ ದಿನಾ ಮಾಡಿಸಲು ಅವಕಾಶ ಇರುತ್ತದೆ.

ಸೇರುವ ಮೊದಲು ಒಂದು ಟ್ರಯಲ್ ಕ್ಲಾಸು ಕೇಳಿ, ಸುಮ್ನೆ ಕೂತು ನೋಡಿ. ಪಾರ್ಟ್ನರ್ ನಿಜವಾಗಿ ಬಿಗಿ ಹಿಡಿಯುತ್ತಾರಾ, ಇಲ್ಲ ತಟ್ಟಿದ ಕೂಡಲೇ ಬೀಳುತ್ತಾರಾ? ಹೆಂಗಸರಿಗೆ ತಮಗಿಂತ ದಪ್ಪ, ಎತ್ತರ ಇರುವವರ ಜೊತೆ ಅಭ್ಯಾಸ ಸಿಗುತ್ತದಾ? ಬೇಡ ಅಂದರೆ ತಕ್ಷಣ ಬಿಡುತ್ತಾರಾ? ಕಲಿಸುವವರು ಓಡುವುದರ ಬಗ್ಗೆ ಎಷ್ಟು ಸಲ ಮಾತಾಡಿದರು? "ಮೂರೇ ತಿಂಗಳಲ್ಲಿ ಯಾರನ್ನು ಬೇಕಾದರೂ ಎದುರಿಸಬಹುದು" ಅಂದರೆ ಎದ್ದು ಬನ್ನಿ. ಬೆಳಗಿನ ಆರರ ಬ್ಯಾಚು ಸಿಕ್ಕರೆ ಅದನ್ನೇ ಹಿಡಿಯಿರಿ, ಜನ ಕಡಿಮೆ ಇರುತ್ತಾರೆ, ಸರ್ ಒಬ್ಬೊಬ್ಬರ ಹತ್ತಿರವೂ ಬಂದು ನಿಂತು ತಿದ್ದುತ್ತಾರೆ.